ಸುಣ್ಣದಕಲ್ಲಿನ ಮೇಲೆ ಕಿವಿಯಿಟ್ಟ ದಿನ

ನಮ್ಮ ಶಾಲೆಯಲ್ಲಿ ಅವರನ್ನು ಎಲ್ಲರೂ ಸುಣ್ಣದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಭೂಗೋಳ ಅವರ ವಿಷಯ. ನದಿ, ಮರುಭೂಮಿ, ಹಿಮದ ಬೆಟ್ಟ ಎಲ್ಲವನ್ನೂ ಚೆನ್ನಾಗಿಯೇ ಪಾಠ ಮಾಡುತ್ತಿದ್ದರು. ಆದರೆ ಒಂಬತ್ತನೇ ತರಗತಿಯ ಪುಸ್ತಕದಲ್ಲಿ ಸುಣ್ಣದಕಲ್ಲಿನ ನೆಲದ ಬಗ್ಗೆ ಇದ್ದ ಆರು ಪುಟದ ಪಾಠ ಬಂತೆಂದರೆ ಮನುಷ್ಯ ಬೇರೆಯೇ ಆಗಿಬಿಡುತ್ತಿದ್ದರು. ಒಂದು ಬೂದುಬಣ್ಣದ ಕಲ್ಲಿನ ಮೇಲೆ ಪ್ರಯೋಗಾಲಯದ ಆಮ್ಲ ಎರಡು ಹನಿ ಬಿಟ್ಟು, ಅದು ಬುಸುಗುಟ್ಟಿ ನೊರೆಯೇಳುವುದನ್ನು ಬೆಂಚಿನಿಂದ ಬೆಂಚಿಗೆ ಹೊತ್ತು ತೋರಿಸುತ್ತಿದ್ದರು. ಮಳೆನೀರು ಇದೇ ಕೆಲಸವನ್ನು ಲಕ್ಷಾಂತರ ವರ್ಷ ಮಾಡಿದರೆ ನೆಲದೊಳಗೆ ಒಂದು ಊರೇ ಟೊಳ್ಳಾಗುತ್ತದೆ ಎನ್ನುತ್ತಿದ್ದರು. ಆರು ಪುಟಕ್ಕೆ ಹದಿನೈದು ದಿನ ತೆಗೆದುಕೊಳ್ಳುತ್ತಾರೆಂದು ಹೆಡ್‌ಮೇಡಂ ಪ್ರತಿವರ್ಷ ಗೊಣಗುತ್ತಿದ್ದರು.

ನಾನು ಅದೇ ಶಾಲೆಯ ಗಣಿತದ ಟೀಚರ್. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರ ಮೇಜುಗಳು ಅಕ್ಕಪಕ್ಕ ಇದ್ದವು. ಅವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ನನಗೆ ಗೊತ್ತಾಯಿತು. ಗಂಟೆ ಹೊಡೆದರೆ ತಲೆ ಎತ್ತುತ್ತಿರಲಿಲ್ಲ. ಉಳಿದವರು ಪುಸ್ತಕ ಜೋಡಿಸಿಕೊಳ್ಳುವುದನ್ನು ಕಂಡ ಮೇಲೆ ಏಳುತ್ತಿದ್ದರು. ಬೆನ್ನ ಹಿಂದಿನಿಂದ ಮಾತಾಡಿಸಿದರೆ ಉತ್ತರವಿರುತ್ತಿರಲಿಲ್ಲ. ಎದುರು ನಿಂತರೆ ಮಾತ್ರ ಕಣ್ಣನ್ನು ನಮ್ಮ ಬಾಯಿಯ ಮೇಲೆ ನೆಟ್ಟು, ತುಸು ತಡೆದು, ಸರಿಯಾದ ಉತ್ತರವನ್ನೇ ಕೊಡುತ್ತಿದ್ದರು. ತರಗತಿಯಲ್ಲಿ ಮಕ್ಕಳು ಕೂತಲ್ಲಿಂದ ಉತ್ತರ ಹೇಳುವಂತಿರಲಿಲ್ಲ. "ಬೋರ್ಡಿಗೆ ಬಾ, ಬರೆದು ತೋರಿಸು" ಎನ್ನುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಇದನ್ನು ನೋಡಿ, ಮಕ್ಕಳನ್ನು ತೊಡಗಿಸಿಕೊಳ್ಳುವ ಮಾದರಿ ಬೋಧನೆ ಎಂದು ವರದಿ ಬರೆದು ಹೋದರು. ಆ ಮಧ್ಯಾಹ್ನ ಮೇಷ್ಟ್ರು ಸ್ಟಾಫ್ ರೂಮಿಗೆಲ್ಲ ಟೀ ತರಿಸಿದರು. ನಾನೊಬ್ಬಳು ಕಪ್ಪಿನೊಳಗೇ ನಕ್ಕೆ.

ಮಕ್ಕಳ ಮಾತು ಎಷ್ಟು ನೋಡಿದರೂ ತಿಳಿಯದೆ ಹೋದಾಗ ಅವರ ಬಳಿ ಒಂದು ಸಿದ್ಧ ಉತ್ತರವಿತ್ತು. ಮುಗುಳ್ನಕ್ಕು, ತಲೆ ಆಡಿಸಿ, "ಒಳ್ಳೆ ಪ್ರಶ್ನೆ. ಆಮೇಲೆ ಹೇಳ್ತೀನಿ" ಎನ್ನುತ್ತಿದ್ದರು.

ಮುಚ್ಚಿಡಲು ಕಾರಣವಿತ್ತು. ಅದಕ್ಕೆ ನಾಲ್ಕು ವರ್ಷ ಹಿಂದೆ, ನಾನು ಸೇರುವ ಮೊದಲೇ, ಶಾಲೆಯ ಚಿತ್ರಕಲೆಯ ಮೇಷ್ಟ್ರಿಗೆ ಕಣ್ಣು ಮಂಜಾಯಿತು. ಆಡಳಿತ ಮಂಡಳಿಯವರು ವರ್ಷದ ನಡುವೆಯೇ ಒಂದು ಹಾರ, ಒಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಸುಣ್ಣದ ಮೇಷ್ಟ್ರು ಕಿವಿಗೆ ಹಾಕುವ ಯಂತ್ರ ತಂದು ಒಂದು ವಾರ ಮನೆಯಲ್ಲಿ ಹಾಕಿ ನೋಡಿದರಂತೆ. ಅದು ಇದ್ದಕ್ಕಿದ್ದ ಹಾಗೆ ಸಿಳ್ಳೆ ಹಾಕುತ್ತಿತ್ತು. ಕ್ಲಾಸಿನಲ್ಲಿ ಸಿಳ್ಳೆ ಹಾಕಿದರೆ ಕಥೆ ಮುಗಿದಂತೆಯೇ ಎಂದು ಕಪಾಟಿನಲ್ಲಿಟ್ಟರು. ಇದನ್ನೆಲ್ಲ ನನಗೆ ಹೇಳಿದ್ದು ಅವರ ಹೆಂಡತಿ. ಒಮ್ಮೆ ಉತ್ತರಪತ್ರಿಕೆ ಕೊಡಲು ಅವರ ಮನೆಗೆ ಹೋಗಿದ್ದಾಗ, ಮೇಷ್ಟ್ರು ಎದುರಿನ ಕುರ್ಚಿಯಲ್ಲೇ ಪೇಪರ್ ಓದುತ್ತ ಕೂತಿದ್ದಾಗ, ಆಕೆ ದನಿ ತಗ್ಗಿಸದೆಯೇ ಕೇಳಿದರು.

"ನಿಮಗೆ ಗೊತ್ತಿದೆ ಅಲ್ವಾ?"

"ಗೊತ್ತು ಅಕ್ಕ."

"ಇನ್ನೆರಡು ವರ್ಷ ಸರ್ವಿಸ್ ಇದೆ. ಹೇಗೋ ದಾಟಿಸಿಬಿಡಿ ತಂಗಿ."

ಆಗಲಿ ಎಂದೆ. ಅದನ್ನು ದಯೆ ಎಂದುಕೊಂಡಿದ್ದೆ. ಅಂದಿನಿಂದ ಗಂಟೆ ಹೊಡೆದಾಗ ಅವರ ಮೇಜಿನ ಮೇಲೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟುವುದು ನನ್ನ ಕೆಲಸವಾಯಿತು. ಅದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಲಿಲ್ಲ.

ಮಕ್ಕಳನ್ನು ಸುಣ್ಣದಕಲ್ಲಿನ ಬಯಲಿಗೆ ಕರೆದುಕೊಂಡು ಹೋಗಬೇಕೆಂದು ಅವರು ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಲೇ ಇದ್ದರು. ಹನ್ನೊಂದು ವರ್ಷವೂ ಇಲ್ಲ ಎಂಬ ಉತ್ತರವೇ ಬಂದಿತ್ತು. ಆ ವರ್ಷ ಹೊಸ ಪಠ್ಯಕ್ರಮದಲ್ಲಿ ಕ್ಷೇತ್ರ ಅಧ್ಯಯನ ಕಡ್ಡಾಯವೆಂದು ಬಂದದ್ದರಿಂದ ಹೆಡ್‌ಮೇಡಂ ಬೇರೆ ದಾರಿಯಿಲ್ಲದೆ ಸಹಿ ಹಾಕಿದರು. ಜೊತೆಗೆ ಒಬ್ಬ ಶಿಕ್ಷಕಿ ಇರಬೇಕೆಂದು ನನ್ನನ್ನು ಕಳಿಸಿದರು. ಮೂವತ್ತೆಂಟು ಮಕ್ಕಳು, ನಾವಿಬ್ಬರು, ಬಸ್ಸಿನ ಡ್ರೈವರ್. ಮೇಷ್ಟ್ರು ಮೀಟರಿಗೊಂದು ಗಂಟು ಹಾಕಿದ ಮೂವತ್ತು ಮೀಟರ್ ನೂಲಿನ ಹಗ್ಗ, ಒಂದು ಟಾರ್ಚು, ಆಮ್ಲದ ಸೀಸೆ, ತಮ್ಮ ಕೈಯಲ್ಲೇ ಬರೆದ ನಕ್ಷೆಯ ಮೂವತ್ತೆಂಟು ಪ್ರತಿಗಳನ್ನು ಹೊತ್ತು ತಂದಿದ್ದರು. ಬಸ್ಸಿನಲ್ಲಿ ಇಡೀ ದಾರಿ ಕಿಟಕಿಗೆ ಮುಖ ಒತ್ತಿಕೊಂಡೇ ಇದ್ದರು.

ಬೆಳಗ್ಗೆ ಎಲ್ಲವೂ ಚೆನ್ನಾಗಿತ್ತು. ಬೆಟ್ಟದಿಂದ ಹರಿದು ಬಂದ ಹೊಳೆಯೊಂದು ಒಂದು ಬಂಡೆಯ ಬುಡಕ್ಕೆ ಬಂದು, ಬಚ್ಚಲಿನ ನೀರು ಇಳಿದ ಹಾಗೆ ಗಳಗಳನೆ ನೆಲದೊಳಗೆ ಇಳಿದು ಮಾಯವಾಗುತ್ತಿತ್ತು. ಅದರಾಚೆಗೆ ಹೊಳೆಯೇ ಇಲ್ಲ, ಒಣಕಲ್ಲು. ಪುಸ್ತಕದಲ್ಲಿ ಚಿತ್ರ ನೋಡಿದ್ದರೂ ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತರು. "ಇದು ಸತ್ತಿಲ್ಲ. ನಮ್ಮ ಕಾಲಡಿ ನಡೀತಾ ಇದೆ. ಊಟ ಆದ ಮೇಲೆ ನಾವೂ ಅದರ ಮೇಲೇ ನಡೆದುಕೊಂಡು ಹೋಗೋಣ, ಕೆಳಗೆ ಅದು ಹೊರಗೆ ಬರೋ ಜಾಗದಲ್ಲಿ ಮತ್ತೆ ಸಿಕ್ಕುತ್ತೆ" ಎಂದರು ಮೇಷ್ಟ್ರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ.

ಊಟ ಮುಗಿಸಿ ಹೊರಟೆವು. ಎರಡು ಕಿಲೋಮೀಟರ್ ಉದ್ದದ ಬೂದು ಬಯಲು. ಮರವಿಲ್ಲ, ಮಣ್ಣಿಲ್ಲ. ಕಲ್ಲುಹಾಸು ಉದ್ದಕ್ಕೂ ಸೀಳಿಕೊಂಡು, ಸೀಳುಗಳಲ್ಲಿ ಜರಿಗಿಡ, ಅಲ್ಲಲ್ಲಿ ಮುಳ್ಳುಪೊದೆ. ಕಲ್ಲಿನ ಅಂಚುಗಳು ಚಾಕುವಿನಷ್ಟು ಚೂಪು. ಪೊದೆ ಇರುವ ಕಡೆ ಯಾರೂ ಹೋಗಬಾರದು, ಅದರಡಿ ಕುಳಿ ಇರುತ್ತದೆ ಎಂದು ಮೇಷ್ಟ್ರು ಮೂರು ಸಲ ಹೇಳಿದರು. ನಾನು ಸಾಲಿನ ಮುಂದೆ, ಅವರು ಕೊನೆಯಲ್ಲಿ. ಗಾಳಿ ಎದುರಿನಿಂದ ಬೀಸುತ್ತಿತ್ತು.

ಹೊಳೆ ಹೊರಬರುವ ಜಾಗ ಮುಟ್ಟಿದಾಗ ಎರಡೂವರೆ. ನಾನು ತಲೆ ಎಣಿಸಿದೆ. ಮೂವತ್ತೇಳು. ಮತ್ತೆ ಎಣಿಸಿದೆ. ಜೋಡಿ ಜೋಡಿಯಾಗಿ ನಿಲ್ಲಿಸಿ ಎಣಿಸಿದೆ. ಎರಡು ಜಡೆಯ ಹುಡುಗಿಯೊಬ್ಬಳು ಜೋಡಿಯಿಲ್ಲದೆ ನಿಂತಿದ್ದಳು.

"ಗುಬ್ಬಿ ಎಲ್ಲಿ?" ಎಂದೆ.

ಗುಬ್ಬಿ ಎಂದರೆ ತರಗತಿಯಲ್ಲೆಲ್ಲ ಚಿಕ್ಕ ಆಳಿನ ಹುಡುಗಿ. ಪಾದರಸದಂಥವಳು, ಕೂತಲ್ಲಿ ಕೂರುವವಳಲ್ಲ. ಎರಡು ಜಡೆಯವಳು ಅವಳ ಜೀವದ ಗೆಳತಿ.

"ಹಿಂದೆ ಉಳಕೊಂಡ್ಲು ಮೇಡಂ. ಅಲ್ಲೊಂದು ಪೊದೆ ಹತ್ರ ಹೋಗಿ ಬರ್ತೀನಿ ಅಂತ ಸಾರ್‌ಗೆ ಹೇಳೇ ಹೋದ್ಲು. ನಾನು ಮುಂದೆ ಬಂದ್ಬಿಟ್ಟೆ, ಸಾರ್ ಜೊತೆ ಬರ್ತಾಳೆ ಅಂದ್ಕೊಂಡೆ."

ಎಲ್ಲರೂ ಮೇಷ್ಟ್ರ ಕಡೆ ತಿರುಗಿದೆವು. ಅವರು ಆ ಹುಡುಗಿಯ ತುಟಿಯನ್ನೇ ನೋಡುತ್ತಿದ್ದರು.

"ನನಗೆ ಯಾರೂ ಏನೂ ಹೇಳಿಲ್ಲ" ಎಂದರು.

"ಹೇಳಿದ್ಲು ಸಾರ್. ನೀವು ತಲೆ ಆಡಿಸಿದ್ರಿ. ಒಳ್ಳೆ ಪ್ರಶ್ನೆ ಅಂದ್ರಿ."

ಮೇಷ್ಟ್ರು ನನ್ನತ್ತ ಒಂದು ಸಲ ನೋಡಿದರು. ನಾನು ಕಣ್ಣು ತಪ್ಪಿಸಿದೆ. ಮರುಕ್ಷಣ ಅವರು ಬಂದ ದಾರಿಯಲ್ಲೇ ಓಡತೊಡಗಿದ್ದರು. ಐವತ್ತೆಂಟು ವರ್ಷದ ಮನುಷ್ಯ, ಆ ಸೀಳು ಕಲ್ಲುಗಳ ಮೇಲೆ ಹಾರಿ ಹಾರಿ ಓಡುತ್ತಿದ್ದರು.

ಎರಡು ಜಡೆಯವಳು ತೋರಿಸಿದ ಕಡೆಯಲ್ಲಿ ಪೊದೆ ಒಂದಲ್ಲ, ಮೂವತ್ತು ನಲವತ್ತು ಇದ್ದವು. ಎಲ್ಲವೂ ಒಂದೇ ತರ. ಇದೋ ಅದೋ ಎಂದು ಅವಳಿಗೂ ಗುರುತು ಹತ್ತಲಿಲ್ಲ. ಎಲ್ಲರೂ ಗಂಟಲು ಹರಿಯುವಂತೆ ಕೂಗಿದೆವು. ಗಾಳಿ ಕೂಗನ್ನೆಲ್ಲ ನಮ್ಮ ಬಾಯಿಂದಲೇ ಕಿತ್ತುಕೊಂಡು ಹೋಯಿತು. ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇಬ್ಬರು ಮಕ್ಕಳನ್ನು ಬಸ್ಸಿಗೆ ಓಡಿಸಿ, ಡ್ರೈವರಿಗೆ ಹತ್ತಿರದ ಪೇಟೆಯಿಂದ ಅಗ್ನಿಶಾಮಕದವರನ್ನು ಕರೆತರಲು ಹೇಳಿ ಕಳಿಸಿದೆ. ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಅವರು ಸಿದ್ಧವಾಗುವ ಹೊತ್ತು ಬೇರೆ.

ಬೆಟ್ಟದ ನೆತ್ತಿಯ ಮೇಲೆ ಮೋಡ ಕಪ್ಪುಗಟ್ಟಿದ್ದನ್ನು ಮೊದಲು ನೋಡಿದವರು ಮೇಷ್ಟ್ರೇ. ಅಲ್ಲಿ ಆಗಲೇ ಮಳೆ ಇಳಿಯುತ್ತಿತ್ತು. ಅದರ ಅರ್ಥ ನನಗೆ ತಕ್ಷಣ ಹೊಳೆಯಲಿಲ್ಲ. ಅವರು ನನ್ನ ರಟ್ಟೆ ಹಿಡಿದು ಬಯಲಿನ ಆಚೆ ತುದಿಯತ್ತ, ಹೊಳೆ ಇಳಿದುಹೋದ ದಿಕ್ಕಿಗೆ ಕೈ ತೋರಿಸಿದರು.

"ಆ ನೀರೆಲ್ಲ ಇದರ ಕೆಳಗೇ ಬರೋದು ಮೇಡಂ. ಒಂದು ಗಂಟೆ. ಹೆಚ್ಚಂದ್ರೆ ಒಂದೂವರೆ."



ಅವರು ಒಂದು ಸೀಳಿನ ಪಕ್ಕ ಮೊಣಕಾಲೂರಿ ಬಗ್ಗಿದರು. ಕಿವಿಯನ್ನು ಕಲ್ಲಿಗೆ ಒತ್ತಿದರು. ಎದ್ದು ಇನ್ನೊಂದಕ್ಕೆ ಹೋದರು. ಮತ್ತೊಂದಕ್ಕೆ. ನಾನು ನೋಡುತ್ತಲೇ ನಿಂತಿದ್ದೆ. ಒಬ್ಬ ಕಿವುಡ ಮನುಷ್ಯ ಕಲ್ಲಿನಿಂದ ಕಲ್ಲಿಗೆ ತೆವಳುತ್ತ ದನಿ ಹುಡುಕುತ್ತಿದ್ದಾರೆ. ಅದನ್ನು ತಿಳಿದ ನಾನೂ ತುಟಿಪಿಟಕ್ಕೆನ್ನುತ್ತಿಲ್ಲ. ನಾಲ್ಕನೆಯದೋ ಐದನೆಯದೋ ಸೀಳಿನ ಬಳಿ ಅವರು ಸುಮ್ಮನೆ ಹಣೆಯನ್ನು ಕಲ್ಲಿಗೆ ಊರಿ ಉಳಿದುಬಿಟ್ಟರು. ಆಮೇಲೆ ಎದ್ದು ಮಕ್ಕಳನ್ನೆಲ್ಲ ಕರೆದರು.

"ಕೇಳಿ. ನನಗೆ ಕಿವಿ ಕೇಳಿಸಲ್ಲ. ತುಂಬಾ ವರ್ಷದಿಂದ ಕೇಳಿಸಲ್ಲ. ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ, ಸುಮ್ಮನೆ ತಲೆ ಆಡಿಸಿದೆ. ಈಗ ಅವಳು ಕೂಗಿದ್ರೂ ನನಗೆ ಕೇಳಿಸಲ್ಲ. ನೀವು ಕೇಳಬೇಕು."

ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಅವರು ಹಗ್ಗ ಬಿಚ್ಚಿ ಅಳತೆ ಹಿಡಿದು, ಸೀಳುಗಳು ಓಡುವ ದಿಕ್ಕು ನೋಡಿಕೊಂಡು, ಐದೈದು ಹೆಜ್ಜೆಗೆ ಒಬ್ಬರಂತೆ ಮಕ್ಕಳನ್ನು ಮಲಗಿಸುತ್ತ ಹೋದರು. ಕಿವಿ ಕಲ್ಲಿನ ಮೇಲೆ. ಇನ್ನೊಂದು ಕಿವಿಗೆ ಅಂಗೈ ಅಡ್ಡ. ಏನೇ ಕೇಳಿಸಿದರೂ ಬಾಯಿ ತೆರೆಯುವಂತಿಲ್ಲ, ಕೈ ಎತ್ತಬೇಕು. ಮೂವತ್ತೈದು ಮಕ್ಕಳು ಆ ಬೂದುಕಲ್ಲಿನ ಮೇಲೆ ಉಸಿರು ಬಿಗಿಹಿಡಿದು ಮಲಗಿದರು. ಮೇಷ್ಟ್ರು ನಡುವೆ ಮೈಯೆಲ್ಲ ಕಣ್ಣಾಗಿ ನಿಂತರು. ಹತ್ತು ನಿಮಿಷ ಯಾವ ಕೈಯೂ ಏಳಲಿಲ್ಲ. ಅವರು ಎಲ್ಲರನ್ನೂ ಎಬ್ಬಿಸಿ ಐವತ್ತು ಹೆಜ್ಜೆ ಆಚೆ ಮತ್ತೆ ಮಲಗಿಸಿದರು. ಮತ್ತೆ ಹತ್ತು ನಿಮಿಷ. ಮೊದಲ ಹನಿ ನನ್ನ ಕೈ ಮೇಲೆ ಬಿತ್ತು.

ಮೂರನೇ ಸಲ, ಕನ್ನಡಕದ ಹುಡುಗಿಯೊಬ್ಬಳ ಕೈ ಮೆಲ್ಲಗೆ ಮೇಲೆದ್ದಿತು. ಅವಳಿಂದ ಎರಡು ಆಳಿನಷ್ಟು ದೂರದಲ್ಲಿ ಮುಳ್ಳುಪೊದೆ. ಮೇಷ್ಟ್ರು ಬರಿಗೈಯಲ್ಲೇ ಮುಳ್ಳು ಕಿತ್ತರು. ಅದರಡಿ ಬಿಂದಿಗೆಯ ಬಾಯಿಗಿಂತ ತುಸು ದೊಡ್ಡ ಕುಳಿ. ಒಳಗಿಂದ ತಣ್ಣನೆ ಗಾಳಿ. ಕೆಳಗೆ ಎಲ್ಲೋ, ಬೆಕ್ಕಿನ ಮರಿಯಂಥ ದನಿ.

ಅವರು ಟಾರ್ಚು ಬಿಟ್ಟು ನೋಡಿದರು. ನಾಲ್ಕಾಳು ಆಳ. ಕುತ್ತಿಗೆಯಂತೆ ಕಿರಿದಾಗಿ ಇಳಿದು, ಕೆಳಗೆ ಅಗಲವಾಗಿತ್ತು. ಗುಬ್ಬಿ ತಳದಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು.

ಮೇಷ್ಟ್ರು ಯಾರನ್ನೂ ಕೇಳದೆ ಕಾಲು ಇಳಿಬಿಟ್ಟು ಒಳಗೆ ಇಳಿಯಹೊರಟರು. ಎದೆಯವರೆಗೆ ಹೋಗಿ ಸಿಕ್ಕಿಕೊಂಡರು. ಮೇಲಕ್ಕೂ ಬರಲಾರರು, ಕೆಳಕ್ಕೂ ಹೋಗಲಾರರು. ನಾನೂ ನಾಲ್ಕು ಮಕ್ಕಳೂ ಕಂಕುಳಿಗೆ ಕೈ ಕೊಟ್ಟು ಎಳೆದು ತೆಗೆದೆವು. ಅಂಗಿ ಹರಿದು, ಪಕ್ಕೆ ಎರಡೂ ಕಡೆ ಸುಲಿದಿತ್ತು.

"ಸಾರ್, ನಾನು ಇಳೀತೀನಿ" ಎಂದಳು ಎರಡು ಜಡೆಯವಳು.

"ಇನ್ನೊಬ್ಬಳನ್ನ ಕಳಿಸಲ್ಲ. ನೀನು ಇಲ್ಲಿ ಮಲಗು. ಅವಳು ಏನು ಹೇಳ್ತಾಳೋ ಅದನ್ನ ನನ್ನ ಮುಖ ನೋಡಿ ಹೇಳು. ಒಂದು ಅಕ್ಷರ ಬಿಡಬೇಡ."

ಹೀಗೆ ಮಾತು ಶುರುವಾಯಿತು. ಮೇಷ್ಟ್ರು ಕುಳಿಯೊಳಕ್ಕೆ ಕೂಗಿ ಕೇಳುವರು. ಕೆಳಗಿನಿಂದ ಬಂದದ್ದನ್ನು ಗೆಳತಿ ಕೇಳಿಸಿಕೊಂಡು, ತಲೆ ಎತ್ತಿ, ತುಟಿ ಬಿಡಿಸಿ ಹೇಳುವಳು.

"ನೀರು ಇದೆಯಾ?"

"ಇದೆಯಂತೆ. ಮೊದಲು ಇರಲಿಲ್ಲವಂತೆ. ಈಗ ಪಾದ ಮುಳುಗಿದೆಯಂತೆ."

"ಗೋಡೆಗೆ ಒಣಗಿದ ಎಲೆ, ಕಸ ಏನಾದ್ರೂ ಅಂಟಿದೆಯಾ? ಎಲ್ಲೀವರೆಗೆ ಅಂಟಿದೆ?"

ಟಾರ್ಚನ್ನು ಹಗ್ಗಕ್ಕೆ ಕಟ್ಟಿ ಇಳಿಸಿದೆವು.

"ಇದೆಯಂತೆ ಸಾರ್. ಅವಳು ನಿಂತ್ರೆ, ತಲೆಗಿಂತ ಎರಡು ಮೊಳ ಮೇಲಿನವರೆಗೆ."

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಹಿಂದಿನ ಮಳೆಗಳಲ್ಲಿ ನೀರು ಅಲ್ಲಿಯವರೆಗೆ ಏರಿತ್ತು ಎಂದು ಅದರ ಅರ್ಥ. ಹತ್ತು ನಿಮಿಷಕ್ಕೆ ನೀರು ಮೊಣಕಾಲಿಗೆ ಬಂತು. ಗುಬ್ಬಿ ಅಮ್ಮನನ್ನು ಕೂಗತೊಡಗಿದಳು. ಗೆಳತಿ ಅದನ್ನೂ ತಲೆ ಎತ್ತಿ ಮೇಷ್ಟ್ರ ಮುಖ ನೋಡಿ ಹೇಳಿದಳು. "ಅಮ್ಮ ಅಂತಿದ್ದಾಳೆ ಸಾರ್. ಬರೀ ಅಮ್ಮ ಅಂತಿದ್ದಾಳೆ." ಬಿಡಬೇಡ ಎಂದಿದ್ದರಲ್ಲ.

ಅವರು ನೂಲಿನ ಹಗ್ಗವನ್ನು ಎರಡು ಮಡಿ ಮಾಡಿ ಹುರಿ ಹಾಕಿಸಿದರು. ತುದಿಗೆ ಕುಣಿಕೆ ಮಾಡಿ ಇಳಿಸಿ, ಕಂಕುಳ ಕೆಳಗೆ ಹಾಕಿಕೊಳ್ಳಲು ಹೇಳಿದರು. ಅಂಚಿನ ಕಲ್ಲು ಹಗ್ಗವನ್ನು ಕತ್ತರಿಸದ ಹಾಗೆ ಮಕ್ಕಳ ಸ್ಕೂಲ್ ಬ್ಯಾಗುಗಳನ್ನು ಅಡಿಗೆ ಹಾಸಿದರು. ನಾನು ಅವರೆದುರು ನಿಂತು, ಬಿಡಿಸಿ ಬಿಡಿಸಿ ಹೇಳಿದೆ.

"ಸಾರ್, ಎಳೆದ್ರೆ ಕಾಲು ಗೋಡೆಗೆ ಉಜ್ಜುತ್ತೆ. ಮುರಿದ ಮೂಳೆ. ಏನಾಗುತ್ತೋ ಗೊತ್ತಿಲ್ಲ."

"ಎಳೀದಿದ್ರೆ ಏನಾಗುತ್ತೆ ಅಂತ ಗೊತ್ತಿದೆ" ಎಂದರು.

ಎಳೆದೆವು. ಮೇಷ್ಟ್ರು ಮುಂದೆ, ಆಮೇಲೆ ನಾನು, ಹಿಂದೆ ಹನ್ನೆರಡು ಮಕ್ಕಳು. ಕೆಳಗಿನಿಂದ ಬಂದ ಕಿರುಚಾಟ ನಮಗೆಲ್ಲ ಕೇಳಿಸಿತು, ಅವರಿಗೊಬ್ಬರಿಗೆ ಬಿಟ್ಟು. ನಾಲ್ಕು ಮಕ್ಕಳು ಹಗ್ಗ ಬಿಟ್ಟು ಕಿವಿ ಮುಚ್ಚಿಕೊಂಡರು. ಅವರ ಜಾಗಕ್ಕೆ ಬೇರೆಯವರು ಬಂದರು. ಬೀಳುವಾಗ ಜಾರಿಹೋಗಿದ್ದ ಆ ಕಿರಿದಾದ ಕುತ್ತಿಗೆಯಲ್ಲಿ, ಹಗ್ಗಕ್ಕೆ ತೋಳು ಅಗಲವಾಗಿ ಅವಳ ಮೈ ಸಿಕ್ಕಿಕೊಂಡು, ಇನ್ನು ಒಂದಿಂಚೂ ಮೇಲೆ ಬರಲಿಲ್ಲ. ನೀರಿನ ಗುರುತಿಗಿಂತ ಮೇಲೆ ಬಂದಿದ್ದಳು, ಅಷ್ಟೆ. ಇನ್ನು ಎಳೆದರೆ ಹಗ್ಗ ಹೋಗುತ್ತದೆ ಎಂದು ಮೇಷ್ಟ್ರು ಕೈ ಎತ್ತಿ ನಿಲ್ಲಿಸಿದರು.

"ಹಿಡಿದುಕೊಳ್ಳಿ. ಬಿಡಬೇಡಿ. ಇಷ್ಟೇ ನಮ್ಮ ಕೆಲಸ."

ಹಿಡಿದುಕೊಂಡೆವು. ಮಳೆ ನಮ್ಮ ಮೇಲೂ ಸುರಿಯಿತು. ಹತ್ತತ್ತು ನಿಮಿಷಕ್ಕೆ ಮಕ್ಕಳು ಪಾಳಿ ಬದಲಿಸಿದರು. ನೂಲು ಒದ್ದೆಯಾಗಿ ಅಂಗೈ ಚರ್ಮ ಕಿತ್ತುಬಂತು. ಕುಳಿಯೊಳಗೆ ನೀರು ಏರುವ ಸದ್ದು ಗೊರಗೊರ ಎಂದು ಕೇಳಿಸುತ್ತಿತ್ತು. ಗುಬ್ಬಿ ಕೂಗುವುದನ್ನು ನಿಲ್ಲಿಸಿದಳು. "ಏನಂತಾಳೆ?" ಎಂದು ಮೇಷ್ಟ್ರು ಕೇಳಿದರು. ಗೆಳತಿ ಸುಮ್ಮನೆ ತಲೆ ಅಲ್ಲಾಡಿಸಿದಳು. "ಏನಂತಾಳೆ?" ಎಂದು ಮತ್ತೆ ಕೇಳಿದರು. ಅವಳು ಅಳುತ್ತ ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಮೇಷ್ಟ್ರು ಅದನ್ನೂ ಓದಲು ನೋಡುತ್ತಿದ್ದರು. ಅವರ ಮುಖವನ್ನು ಆಗ ನೋಡಲಾಗದೆ ನಾನು ಹಗ್ಗದ ಗಂಟುಗಳನ್ನು ಎಣಿಸತೊಡಗಿದೆ.

ಅಗ್ನಿಶಾಮಕದವರು ಬಂದದ್ದು ಐದು ಗಂಟೆಗೆ. ಐದು ನಿಮಿಷ ಸುತ್ತಿಗೆ, ಉಳಿ ಹಾಕಿ ಕುತ್ತಿಗೆಯ ಕಲ್ಲನ್ನು ಒಡೆದು, ಅವಳನ್ನು ಎತ್ತಿ ತೆಗೆದರು. ಮೈ ಮರದಂತೆ ತಣ್ಣಗಿತ್ತು. ಉಸಿರು ಇತ್ತು. ಮೇಷ್ಟ್ರ ಬೆರಳುಗಳನ್ನು ಹಗ್ಗದಿಂದ ಬಿಡಿಸಲು ಇಬ್ಬರು ಬೇಕಾಯಿತು.

ಹುಡುಗಿ ಬದುಕಿದಳು. ಕಾಲಿನ ನರ ಮೂಳೆಯ ಚೂಪಿಗೆ ಸಿಕ್ಕಿ ಹರಿದಿತ್ತು. ಅದು ಬಿದ್ದಾಗ ಹರಿದದ್ದಲ್ಲ, ಮೇಲೆಳೆದಾಗ ಎಂದು ವೈದ್ಯರು ಅವಳ ತಾಯಿಗೆ ಹೇಳಿದರು. ಎರಡು ಆಪರೇಷನ್ ಆದವು. ಪಾದಕ್ಕೆ ಮತ್ತೆ ಬಲ ಬರಲಿಲ್ಲ. ತಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೇಷ್ಟ್ರನ್ನು ಕಂಡು, "ಕಿವುಡನಾಗಿ ನನ್ನ ಮಗಳನ್ನ ಯಾಕೆ ಕರ್ಕೊಂಡು ಹೋದೆ" ಎಂದು ಕೇಳಿದಳು. ಅವರು ಅವಳ ಬಾಯಿಯನ್ನು ನೋಡುತ್ತ ನಿಂತಿದ್ದರು.

ವಾರದ ಮೇಲೆ ನಾನು ಗುಬ್ಬಿಯನ್ನು ನೋಡಲು ಹೋದೆ. ತಾಯಿ ಔಷಧಿ ತರಲು ಹೊರಗೆ ಹೋಗಿದ್ದ ಹೊತ್ತು. ಅವಳು ನನ್ನ ಸೆರಗು ಎಳೆದು ಹತ್ತಿರ ಕೂರಿಸಿಕೊಂಡಳು.

"ಮೇಡಂ, ಸಾರ್‌ನ ಕೆಲಸದಿಂದ ತೆಗೀತಾರಾ?"

"ಗೊತ್ತಿಲ್ಲಮ್ಮ."

"ಸಾರ್‌ಗೆ ಕೇಳಿಸಲ್ಲ ಅಂತ ನಮಗೆಲ್ಲ ಗೊತ್ತಿತ್ತು. ಆರನೇ ಕ್ಲಾಸಿಂದ ಗೊತ್ತಿತ್ತು. ಸಾರ್ ಜೊತೆ ಮಾತಾಡೋರು ಕಿಟಕಿ ಕಡೆ ಮುಖ ಮಾಡಿ ನಿಲ್ಲಬೇಕು, ಮುಖಕ್ಕೆ ಬೆಳಕು ಬೀಳ್ಬೇಕು ಅಂತ ನಾವೇ ಮಾಡ್ಕೊಂಡಿದ್ವಿ. ಹೊಸದಾಗಿ ಸೇರಿದವರಿಗೂ ಹೇಳಿಕೊಡ್ತಿದ್ವಿ." ಅವಳು ಸ್ವಲ್ಪ ಹೊತ್ತು ಹೊದಿಕೆಯ ಅಂಚನ್ನು ಮಡಚಿದಳು. "ಅವತ್ತು ನಾನು ಬೇಕಂತಲೇ ತಲೆ ತಗ್ಗಿಸಿಕೊಂಡು ಹೇಳಿದೆ ಮೇಡಂ. ಆ ಪೊದೆ ಕೆಳಗಿಂದ ಗಾಳಿ ಬರ್ತಿತ್ತು, ನೋಡ್ಬೇಕು ಅನ್ನಿಸ್ತು. ಹೇಳಿದ ಹಾಗೂ ಆಗುತ್ತೆ, ಬೇಡ ಅನ್ನಿಸಿಕೊಳ್ಳೋದೂ ತಪ್ಪುತ್ತೆ ಅಂತ. ಅಮ್ಮಂಗೆ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ.

ವಿಚಾರಣೆ ನಡೆದದ್ದು ಹೆಡ್‌ಮೇಡಂ ಕೋಣೆಯಲ್ಲಿ. ಆಡಳಿತ ಮಂಡಳಿಯ ಇಬ್ಬರು, ಹೆಡ್‌ಮೇಡಂ, ಶಿಕ್ಷಣ ಇಲಾಖೆಯಿಂದ ಒಬ್ಬರು. ಮೇಷ್ಟ್ರು ಎಲ್ಲವನ್ನೂ ಒಪ್ಪಿಕೊಂಡು ಬರೆದುಕೊಟ್ಟಿದ್ದರು. ನನ್ನ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅವರನ್ನು ಕಿಟಕಿಯ ಬಳಿ ಕೂರಿಸಿ, ನನ್ನನ್ನು ಮೇಜಿನ ಮುಂದೆ ನಿಲ್ಲಿಸಿ ಇಲಾಖೆಯವರು ಕೇಳಿದರು.

"ಇವರಿಗೆ ಕಿವಿ ಕೇಳಿಸಲ್ಲ ಅನ್ನೋದು ನಿಮಗೆ ಮೊದಲೇ ಗೊತ್ತಿತ್ತಾ?"

ನನಗೆ ಇಬ್ಬರು ಮಕ್ಕಳು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಇದನ್ನು ಈಗ ಹೇಳುವುದರಿಂದ ಏನೂ ಬದಲಾಗುವುದಿಲ್ಲ.

"ಇಲ್ಲ" ಎಂದೆ. "ಅವತ್ತೇ ಗೊತ್ತಾಗಿದ್ದು."

ಹೇಳಿದ ಮೇಲೆ ಕಿಟಕಿಯ ಕಡೆ ನೋಡಿದೆ. ಮೇಷ್ಟ್ರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಮೆಲ್ಲಗೆ ಮುಖ ತಿರುಗಿಸಿ ಆಟದ ಮೈದಾನ ನೋಡತೊಡಗಿದರು.

ಅವರನ್ನು ವಜಾ ಮಾಡಿದರು. ಹಾರವೂ ಇಲ್ಲ, ಗಡಿಯಾರವೂ ಇಲ್ಲ. ಶಾಲೆಯ ಪ್ರವಾಸಗಳೆಲ್ಲ ನಿಂತವು. ಅವರ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳದೆ ಭೂಗೋಳವನ್ನು ನನಗೇ ಹಚ್ಚಿದರು. ಸುಣ್ಣದಕಲ್ಲಿನ ಪಾಠವನ್ನು ನಾನು ಒಂದೇ ದಿನದಲ್ಲಿ, ಪುಸ್ತಕ ನೋಡಿ ಓದಿ ಮುಗಿಸಿದೆ. ಮಕ್ಕಳು ತಲೆ ತಗ್ಗಿಸಿ ಕೂತಿದ್ದರು. ಒಬ್ಬರೂ ಪ್ರಶ್ನೆ ಕೇಳಲಿಲ್ಲ.

ನಾಲ್ಕು ತಿಂಗಳ ಮೇಲೆ, ಅವರು ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದಾರೆಂದು ತಿಳಿದು ಹೋದೆ. ಯಂತ್ರಗಳ ಗದ್ದಲಕ್ಕೆ ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲ್ಲರೂ ಸನ್ನೆಯಲ್ಲೇ ಮಾತಾಡುತ್ತಿದ್ದರು. ಮೂಲೆಯ ಮೇಜಿನಲ್ಲಿ ಮೇಷ್ಟ್ರು ಬಗ್ಗಿ ಕೂತಿದ್ದರು. ನನ್ನನ್ನು ಕಂಡು ಎದ್ದು ಸ್ಟೂಲು ಎಳೆದುಕೊಟ್ಟರು. ನಾನು ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ಒಂದು ಹಾಳೆ ಎಳೆದುಕೊಂಡು ಬರೆದೆ: ನಾನು ಅಂದು ಸುಳ್ಳು ಹೇಳಿದೆ.

ಅವರು ಓದಿ, ಕೆಂಪು ಪೆನ್ಸಿಲಿನಲ್ಲೇ ಕೆಳಗೆ ಬರೆದ ಉತ್ತರ ಒಂದೇ ಪದ: ನೋಡಿದೆ.

ಈಗ ಹೋಗಿ ನಿಜ ಹೇಳಲೇ ಎಂದು ಬರೆದೆ. ನಿಮಗೆ ಬಿಟ್ಟಿದ್ದು, ನನ್ನನ್ನು ಕೇಳಬೇಡಿ ಎಂದು ಬರೆದರು.

ಆಮೇಲೆ ನಾನು ಗುಬ್ಬಿ ಹೇಳಿದ್ದನ್ನೆಲ್ಲ ಬರೆದೆ. ತಾಯಿಗೆ ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೆ. ಇವರಿಗೆ ಹೇಳುವುದಿಲ್ಲವೆಂದು ಕೊಟ್ಟಿರಲಿಲ್ಲ. ಅವಳು ತಲೆ ತಗ್ಗಿಸಿ ಹೇಳಿದ್ದನ್ನು ಅವರು ಸುಮ್ಮನೆ ಓದಿ ದಾಟಿದರು. ಕಿಟಕಿಯ ಸಾಲು ಬಂದಾಗ ನಿಂತರು. ಮಕ್ಕಳಿಗೆ ಗೊತ್ತಿತ್ತು. ಮೂರು ವರ್ಷದಿಂದ ಗೊತ್ತಿತ್ತು. ಬೆಳಕಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಆ ಸಾಲಿನ ಕೆಳಗೆ ಬೆರಳಿಟ್ಟು ಎರಡು ಸಲ, ಮೂರು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡರು. ಹಗ್ಗದ ಗಾಯ ಆ ಅಂಗೈಗಳಲ್ಲಿ ಗೆರೆ ಬಿಟ್ಟಿತ್ತು. ಅವರ ಭುಜ ಕುಲುಕುತ್ತಿತ್ತು. ಅಳುವಿಗೆ ಸದ್ದಿತ್ತೋ ಇಲ್ಲವೋ, ಆ ಯಂತ್ರಗಳ ನಡುವೆ ನನಗೆ ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಬಾಯಿಬಿಟ್ಟು ಕೇಳಿದರು. ದನಿ ಕೇಳಿಸದಿದ್ದರೂ ತುಟಿ ನೋಡಿ ಅರ್ಥಮಾಡಿಕೊಂಡೆ.

"ಹುಡುಗಿ ನಡೀತಾಳಾ?"

"ಕೋಲು ಹಿಡಿದು ನಡೀತಾಳೆ. ಮೆಟ್ಟಿಲು ಹತ್ತೋಕೆ ಆಗಲ್ಲ. ಅವಳ ಕ್ಲಾಸನ್ನ ಕೆಳಗಿನ ಮಹಡಿಗೆ ಹಾಕಿಸಿದ್ದೀವಿ."

ತಲೆ ಆಡಿಸಿದರು. ಕನ್ನಡಕ ಹಾಕಿಕೊಂಡು, ತಿದ್ದಬೇಕಾದ ಹಾಳೆಗಳನ್ನು ಮುಂದೆ ಎಳೆದುಕೊಂಡರು. ನಾನು ಬರೆದ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ನಾನು ಎದ್ದುಬಂದೆ.

ಶಿಕ್ಷಣ ಇಲಾಖೆಯ ಕಚೇರಿ ನಮ್ಮ ಶಾಲೆಯಿಂದ ಎರಡು ಬಸ್ ಸ್ಟಾಪಿನಾಚೆ ಇದೆ. ಮರುವಾರ ಒಂದು ದಿನ ರಜೆ ಹಾಕಿ ಅಲ್ಲಿಯವರೆಗೆ ಹೋದೆ. ಗೇಟಿನ ಎದುರು ಬಸ್ ಇಳಿದು ಸ್ವಲ್ಪ ಹೊತ್ತು ನಿಂತಿದ್ದು, ಅದೇ ಬಸ್ಸು ತಿರುಗಿ ಬಂದಾಗ ಹತ್ತಿ ಮನೆಗೆ ಬಂದೆ.